ಕಿಸೆಯಲ್ಲಿ ಒಯ್ಯುವ ಪ್ರೋಗ್ರಾಂ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಮ್ಮ ಬರ್ತಾರೆ. ಊರು ಕಾಸರಗೋಡಿನ ಹತ್ತಿರ. ಹಗಲು ಬೀಡಿ ಕಟ್ಟುತ್ತಾರೆ, ಸಂಜೆ ಓದಲು ಕಲಿಯುತ್ತಾರೆ. ಅವರ ಮಗಳು ಕಾಲೇಜಿನಲ್ಲಿ ಕನ್ನಡ ಬಿ.ಎ. ಓದುತ್ತಾಳೆ. ಒಂದು ಸಂಜೆ ಅಮ್ಮ ಕೇಳಿದರು:

"ಟೀಚರೇ, ಮಗಳಿಗೆ ಪೆನ್ ಡ್ರೈವ್ ಬೇಕಂತೆ. ಅದರಲ್ಲಿ ಪ್ರೋಗ್ರಾಂ ಹಾಕ್ಕೊಂಡು ಹೋಗ್ತಾಳಂತೆ. ಪ್ರೋಗ್ರಾಂ ಕಂಪ್ಯೂಟರಿನ ಒಳಗೇ ಇರೋದಲ್ವಾ? ಕಿಸೆಯಲ್ಲಿ ಹಾಕ್ಕೊಂಡು ಹೋಗ್ಲಿಕ್ಕೆ ಆಗ್ತದಾ?"

ಆಗ್ತದೆ. ಹೇಗೆ ಅಂತ ನೋಡೋಣ.

ಆ ಮಗಳ ಕಷ್ಟ ಏನು ಗೊತ್ತಾ? ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಹನ್ನೆರಡು ಪುಟದ ಪ್ರಬಂಧವನ್ನು ಕನ್ನಡದಲ್ಲಿ ಟೈಪ್ ಮಾಡಿ ಕೊಡಬೇಕು. ಅದಕ್ಕೂ ಅಂಕ ಉಂಟು. ಮೊಬೈಲಿನಲ್ಲಿ ಟೈಪ್ ಮಾಡಬಹುದು. ಆದರೆ ಹನ್ನೆರಡು ಪುಟ ಆಗುವಾಗ ಹೆಬ್ಬೆರಳು ನೋಯ್ತದೆ, ಕಣ್ಣು ಉರೀತದೆ. ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರ್ ಇದೆ. ಆದರೆ ಅದರಲ್ಲಿ ಬರೆಯುವ ಪ್ರೋಗ್ರಾಂ ಇಲ್ಲ. ಹೊಸದನ್ನು ಹಾಕಲು ಹೋದರೆ ಪಾಸ್‌ವರ್ಡ್ ಕೇಳ್ತದೆ. ಅದು ಲೈಬ್ರರಿಯವರ ಹತ್ತಿರ ಮಾತ್ರ ಇರುತ್ತದೆ. ಅವರು ಹಾಗೆ ಬೀಗ ಹಾಕಿದ್ದು ತಪ್ಪಲ್ಲ. ದಿನಕ್ಕೆ ನೂರು ಮಕ್ಕಳು ಬಂದು ನೂರು ತರಹದ್ದು ಹಾಕಿದರೆ ಆ ಕಂಪ್ಯೂಟರ್ ಎಷ್ಟು ದಿನ ಬಾಳೀತು?

ಈಗ ಎರಡು ಅಂಗಡಿ ನೆನಪು ಮಾಡಿಕೊಳ್ಳಿ. ಒಂದು ಪೇಟೆಯ ದಿನಸಿ ಅಂಗಡಿ. ಇನ್ನೊಂದು ಜಾತ್ರೆಯ ಬಳೆ ಅಂಗಡಿ.

ದಿನಸಿ ಅಂಗಡಿಗೆ ಗೋಡೆ ಬೇಕು, ಕರೆಂಟು ಬೇಕು, ಪಂಚಾಯತಿನ ಲೈಸೆನ್ಸ್ ಬೇಕು. ಸಾಧಾರಣ ಪ್ರೋಗ್ರಾಂ ಕೂಡ ಹಾಗೆಯೇ. ವಿಂಡೋಸ್ ಕಂಪ್ಯೂಟರಿಗೆ ಅದನ್ನು ಹಾಕಿದಾಗ ಕೆಲವು ಫೈಲು ಒಂದು ಕಡೆ ಕೂರುತ್ತವೆ, ಕೆಲವು ಇನ್ನೊಂದು ಕಡೆ. ರಿಜಿಸ್ಟ್ರಿ ಅಂತ ವಿಂಡೋಸಿನ ಒಂದು ದೊಡ್ಡ ದಾಖಲೆ ಪುಸ್ತಕ ಇದೆ. ಅದರಲ್ಲೂ ಹೆಸರು ಬರೆಸಿಕೊಳ್ಳುತ್ತದೆ. ಇದಕ್ಕೇ ಇನ್‌ಸ್ಟಾಲ್ ಮಾಡುವುದು ಅನ್ನುತ್ತಾರೆ.

ಬಳೆ ಅಂಗಡಿಯವರು ಹಾಗಲ್ಲ. ಪೆಟ್ಟಿಗೆ ತರ್ತಾರೆ, ಚಾಪೆ ಹಾಸ್ತಾರೆ, ವ್ಯಾಪಾರ ಮಾಡ್ತಾರೆ. ಜಾತ್ರೆ ಮುಗಿದರೆ ಎಲ್ಲ ಪೆಟ್ಟಿಗೆಗೆ ತುಂಬಿ ಹೊರಡ್ತಾರೆ. ಪೋರ್ಟಬಲ್ ಪ್ರೋಗ್ರಾಂ ಅಂದರೆ ಇಂಥದ್ದು. ಅದಕ್ಕೆ ಬೇಕಾದ ಫೈಲುಗಳೆಲ್ಲ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಆ ಫೋಲ್ಡರ್ ನಿಮ್ಮ ಪೆನ್ ಡ್ರೈವಿನಲ್ಲಿ ಇರುತ್ತದೆ. ಪೆನ್ ಡ್ರೈವನ್ನು ಚುಚ್ಚಿ, ಫೋಲ್ಡರ್ ತೆರೆದು, ಪ್ರೋಗ್ರಾಂ ಮೇಲೆ ಎರಡು ಸಲ ಒತ್ತಿದರೆ ಆಯಿತು. ನೀವು ಮಾಡಿಕೊಂಡ ಅಕ್ಷರದ ಗಾತ್ರ, ಸಾಲಿನ ಅಂತರ ಎಲ್ಲ ಆ ಫೋಲ್ಡರಿನಲ್ಲೇ ಉಳಿಯುತ್ತದೆ. ನಾಳೆ ಬೇರೆ ಕಂಪ್ಯೂಟರಿಗೆ ಹಾಕಿದರೂ ಹಾಗೆಯೇ ತೆರೆಯುತ್ತದೆ.

ಪೆನ್ ಡ್ರೈವ್ ಮಾರುಕಟ್ಟೆಗೆ ಬಂದದ್ದು 2000ನೇ ಇಸವಿಯಲ್ಲಿ. ಆಗ ಅದರಲ್ಲಿ 8 ಎಂಬಿ ಮಾತ್ರ ಹಿಡಿಯುತ್ತಿತ್ತು. ಇಂದಿನ ಫೋನಿನ ಎರಡು ಮೂರು ಫೋಟೋಗೆ ಅಷ್ಟೇ ಸಾಕು! 2004ರಲ್ಲಿ ಅಮೆರಿಕದ ಜಾನ್ ಹ್ಯಾಲರ್ ಎಂಬವರು ಫೈರ್‌ಫಾಕ್ಸ್ ಎಂಬ ಇಂಟರ್‌ನೆಟ್ ಪ್ರೋಗ್ರಾಮನ್ನು ಪೆನ್ ಡ್ರೈವಿನಿಂದಲೇ ನಡೆಯುವ ಹಾಗೆ ಮಾಡಿದರು. ಆಮೇಲೆ ಇಂಥವು ನೂರಾರು ಬಂದವು. ಬರೆಯುವ ಕೆಲಸಕ್ಕೆ ಲಿಬ್ರೆ ಆಫೀಸ್ ಇದೆ. ಅದು ಉಚಿತ. ಅದರ ಪೋರ್ಟಬಲ್ ರೂಪವೂ ಉಚಿತ. 16 ಜಿಬಿ ಪೆನ್ ಡ್ರೈವ್ ಇದಕ್ಕೆ ಧಾರಾಳ. ತೆರೆದುಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವಸರ ಮಾಡಿ ಮತ್ತೆ ಮತ್ತೆ ಒತ್ತಬೇಡಿ.

ಕನ್ನಡ ಟೈಪ್ ಮಾಡುವುದು ಹೇಗೆ? ಕನ್ನಡದ ಕೀಲಿಮಣೆ ವಿಂಡೋಸಿನಲ್ಲೇ ಇದೆ. ಭಾಷೆಯ ಸೆಟ್ಟಿಂಗಿನಲ್ಲಿ ಅದನ್ನು ಸೇರಿಸಿಕೊಂಡರೆ ಸಾಕು. ಆ ಸೆಟ್ಟಿಂಗಿಗೂ ಬೀಗ ಇದ್ದರೆ ಲೈಬ್ರರಿಯವರನ್ನು ಕೇಳಿ, ಸೇರಿಸಿ ಕೊಡ್ತಾರೆ. ಯೂನಿಕೋಡ್ ಅಕ್ಷರದಲ್ಲೇ ಬರೆಯಿರಿ. ಹಳೆಯ ರೀತಿಯ ಫಾಂಟಿನಲ್ಲಿ ಬರೆದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಎಲ್ಲ ಕಲಸಿದ ಹಾಗೆ ಕಾಣ್ತದೆ. ಪ್ರಿಂಟಿಗೆ ಕೊಡುವ ಮೊದಲು ಪಿಡಿಎಫ್ ಮಾಡಿಕೊಳ್ಳಿ. ಆಗ ಒತ್ತಕ್ಷರ ಒಡೆಯುವುದಿಲ್ಲ.

ಇನ್ನೊಂದು ವಿಷಯ. ಇದು ಕೇರಳದವರಿಗೆ ಮುಖ್ಯ. ಇಲ್ಲಿನ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಬಹಳ ವರ್ಷಗಳಿಂದ ವಿಂಡೋಸ್ ಇಲ್ಲ, ಲಿನಕ್ಸ್ ಇದೆ. ಕೆಲವು ಕಾಲೇಜುಗಳಲ್ಲೂ ಹಾಗೆಯೇ. ವಿಂಡೋಸಿನ ಪೋರ್ಟಬಲ್ ಪ್ರೋಗ್ರಾಂ ಲಿನಕ್ಸಿನಲ್ಲಿ ಓಡುವುದಿಲ್ಲ. ಮಗಳು ಹಾಳಾದ ಪೆನ್ ಡ್ರೈವ್ ತಂದಳು ಅಂತ ಬೈಯಬೇಡಿ! ಅಲ್ಲಿ ಚಿಂತೆಯೂ ಬೇಡ. ಲಿನಕ್ಸಿನ ಜೊತೆ ಸಾಮಾನ್ಯವಾಗಿ ಲಿಬ್ರೆ ಆಫೀಸ್ ಮೊದಲೇ ಇರುತ್ತದೆ.

ಈಗ ಅಪಾಯದ ಮಾತು. ಇದನ್ನು ನಿಧಾನವಾಗಿ ಓದಿ.

ಎಲ್ಲರ ಪೆನ್ ಡ್ರೈವೂ ಚುಚ್ಚುವ ಕಂಪ್ಯೂಟರ್ ಅಂದರೆ ಎಲ್ಲರೂ ಬಾಯಿಟ್ಟು ಕುಡಿಯುವ ಒಂದೇ ಲೋಟ. ವೈರಸ್ ಅಂಟುತ್ತದೆ. ಮೊದಲೆಲ್ಲ ಪೆನ್ ಡ್ರೈವ್ ಚುಚ್ಚಿದ ಕೂಡಲೇ ವೈರಸ್ ತಾನೇ ಏಳುತ್ತಿತ್ತು. ವಿಂಡೋಸ್ 2009ರಿಂದ 2011ರೊಳಗೆ ಆ ದಾರಿಯನ್ನು ಮುಚ್ಚಿತು. ಆದರೆ ಇನ್ನೊಂದು ದಾರಿ ಇದೆ. ವೈರಸ್ ನಿಮ್ಮ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಇಡ್ತದೆ. ಶಾರ್ಟ್‌ಕಟ್ಟಿನ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣ ಇರುತ್ತದೆ. ನಿಮ್ಮ ಫೋಲ್ಡರುಗಳಿಗೆ ಒಮ್ಮೆಲೇ ಬಾಣ ಬಂದಿದ್ದರೆ ಒತ್ತಬೇಡಿ, ಅಳಿಸಲೂ ಬೇಡಿ. ಒಳಗಿನ ಬರಹ ಸಾಧಾರಣವಾಗಿ ಅಲ್ಲೇ ಅಡಗಿರುತ್ತದೆ. ತಿಳಿದವರು ತೆಗೆದುಕೊಡ್ತಾರೆ.

ಬಳೆ ಅಂಗಡಿ ಹೋದ ಮೇಲೂ ಒಂದೆರಡು ಚೂರು ಬಿದ್ದಿರ್ತದಲ್ಲ? ಇಲ್ಲೂ ಹಾಗೆ. ನೀವು ತೆರೆದ ಫೈಲಿನ ಹೆಸರು ಆ ಕಂಪ್ಯೂಟರಿನಲ್ಲಿ ಉಳಿಯಬಹುದು. ಕಂಪ್ಯೂಟರೇ ಕೆಟ್ಟಿದ್ದರೆ, ನೀವು ಒತ್ತಿದ ಪ್ರತಿ ಅಕ್ಷರವನ್ನೂ ಅದು ಕದ್ದು ಬರೆದಿಡಬಹುದು. ಪ್ರೋಗ್ರಾಂ ನಿಮ್ಮದೇ ಆದರೂ ಕೀಲಿಮಣೆ ಊರಿನದ್ದು. ಆದ್ದರಿಂದ ಬ್ಯಾಂಕಿನ ಪಾಸ್‌ವರ್ಡನ್ನು, ಒಟಿಪಿಯನ್ನು ಅಲ್ಲಿ ಟೈಪ್ ಮಾಡಲೇಬೇಡಿ. ಪೆನ್ ಡ್ರೈವಿನ ಫೈರ್‌ಫಾಕ್ಸಿನಲ್ಲಿ ಪಾಸ್‌ವರ್ಡ್ ಉಳಿಸಿಟ್ಟರೆ ಅವೂ ಪೆನ್ ಡ್ರೈವಿನಲ್ಲೇ ಇರುತ್ತವೆ. ಅದು ಬಸ್ಸಿನಲ್ಲಿ ಬಿದ್ದರೆ ಸಿಕ್ಕಿದವರ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಪ್ರೋಗ್ರಾಮನ್ನು ಅದನ್ನು ಮಾಡಿದವರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹಣ ಕೊಟ್ಟು ಕೊಳ್ಳಬೇಕಾದ ಪ್ರೋಗ್ರಾಮನ್ನು "ಪುಕ್ಕಟೆ ಪೋರ್ಟಬಲ್" ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಅದು ಕಳ್ಳಮಾಲು. ಒಳಗೆ ವೈರಸ್ಸೂ ಇರಬಹುದು.

ಲೈಬ್ರರಿಯವರನ್ನು ಮೊದಲು ಕೇಳಿ. ಕೆಲವು ಕಡೆ ಪೆನ್ ಡ್ರೈವಿನಿಂದ ಪ್ರೋಗ್ರಾಂ ನಡೆಸುವುದನ್ನೇ ತಡೆದಿರುತ್ತಾರೆ. ಆಗ ಕಳ್ಳದಾರಿ ಹುಡುಕಬೇಡಿ. ಸಿಕ್ಕಿಬಿದ್ದರೆ ಕಂಪ್ಯೂಟರಿನ ಹತ್ತಿರವೇ ಬಿಡ್ಲಿಕ್ಕಿಲ್ಲ. ಮಗಳಿಗೆ ಬೇಕಾದದ್ದು ಪ್ರಬಂಧ, ಜಗಳ ಅಲ್ಲ.

ಆ ಮಗಳು ಕೇಳಿದಳು. ಒಪ್ಪಿಗೆ ಸಿಕ್ಕಿತು. ಐದು ಪುಟ ಬರೆದಾದ ಮೇಲೆ ಬಸ್ಸಿಗೆ ಹೊತ್ತಾಯಿತು ಅಂತ ಪೆನ್ ಡ್ರೈವನ್ನು ಹಾಗೆಯೇ ಎಳೆದಳು. ಪ್ರೋಗ್ರಾಂ ಇನ್ನೂ ತೆರೆದೇ ಇತ್ತು. ಮರುದಿನ ನೋಡಿದರೆ ಫೈಲು ತೆರೆಯಲೇ ಇಲ್ಲ. ಐದು ಪುಟವೂ ಹೋಯಿತು. ಮೊದಲು ಬರಹ ಉಳಿಸಬೇಕು, ಆಮೇಲೆ ಪ್ರೋಗ್ರಾಂ ಮುಚ್ಚಬೇಕು, ಮತ್ತೆ ಎಜೆಕ್ಟ್ ಒತ್ತಬೇಕು, ಕೊನೆಗೆ ಎಳೆಯಬೇಕು. ಈಗ ದಿನಾ ಬರೆದದ್ದನ್ನು ತನ್ನ ಮೇಲಿಗೂ ಒಂದು ಪ್ರತಿ ಕಳಿಸಿಕೊಳ್ತಾಳೆ. ಪ್ರಬಂಧವನ್ನು ಹೇಳಿದ ದಿನಕ್ಕೇ ಕೊಟ್ಟಳು.

ಮೊನ್ನೆ ಅಮ್ಮ ಮತ್ತೆ ಬಂದರು. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ. ಅರ್ಜಿ ಬರೀಬೇಕು. "ಕನ್ನಡದಲ್ಲಿ ಕೊಟ್ರೆ ತಗೊಳ್ತಾರಾ ಟೀಚರೇ?" ಅಂತ ಕೇಳಿದರು. ತಗೊಳ್ಬೇಕು. ನಮ್ಮ ಕಾಸರಗೋಡಿನ ಕನ್ನಡ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ ಭಾಷಾ ಕಾನೂನು ಕೊಟ್ಟಿದೆ. ಅಮ್ಮ ಅರ್ಜಿಯನ್ನು ತಮ್ಮ ಕೈಯಲ್ಲೇ ಬರೆದರು. ಶನಿವಾರ ಮಗಳು ಅದನ್ನು ಟೈಪ್ ಮಾಡಿ ತಂದಳು. ಅಮ್ಮ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದರು. ತಮ್ಮ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋದದ್ದನ್ನು ಅವರೇ ಹಿಡಿದರು.