ಅನುಭವಿ ಪೈಲಟ್‌ಗೆ ವಿಮಾನ ವಾಲಿದ್ದು ಮೈಗೇ ಗೊತ್ತಾಗುತ್ತದೆಯೇ?

ಹಾರಿದ ಸ್ವಲ್ಪ ಹೊತ್ತಿಗೇ ವಿಮಾನವೊಂದು ಸಮುದ್ರಕ್ಕೆ ಬಿತ್ತು ಎಂಬ ಸುದ್ದಿ ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಮಾತು ಓಡಾಡುತ್ತವೆ. ‘ಒಳಗೆ ಬಾಂಬ್ ಇತ್ತಂತೆ’ ಎನ್ನುವುದು ಒಂದು. ‘ಅಷ್ಟು ಅನುಭವ ಇರುವವರಿಗೆ ವಿಮಾನ ವಾಲಿದ್ದು ಗೊತ್ತಾಗಲ್ವಾ?’ ಎನ್ನುವುದು ಇನ್ನೊಂದು.

2018ರಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಕೊಡಗಿನವರು ಮಾಕುಟ್ಟ ಘಾಟಿ ಇಳಿದು ಹೋಗಿ ಅಲ್ಲಿಂದಲೇ ಗಲ್ಫ್ ವಿಮಾನ ಹತ್ತಬಹುದು. ಅದೂ ಅರಬ್ಬಿ ಸಮುದ್ರದ ಮೇಲೆಯೇ ಹೋಗಬೇಕು. ಮಗ, ಮಗಳು ಅದರಲ್ಲಿದ್ದಾಗ ಇಂಥ ಫಾರ್ವರ್ಡ್ ಬಂದರೆ ಮನೆಯವರ ಎದೆ ಒಡೆಯುತ್ತದೆ. ಹಾಗಾದರೆ ನಿಜವೇನು? ನಮ್ಮ ದೇಶದಲ್ಲೇ ನಡೆದ ಒಂದು ಅಪಘಾತ ನೋಡೋಣ.

1978ರ ಜನವರಿ 1ರಂದು ಏನಾಯಿತು?

ಅಂದು ರಾತ್ರಿ ಬಾಂಬೆಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ‘ಎಂಪರರ್ ಅಶೋಕ’, ಎರಡು ನಿಮಿಷದೊಳಗೆ ಬಾಂದ್ರಾ ಬಳಿ ಸಮುದ್ರಕ್ಕೆ ಬಿತ್ತು. ಒಳಗಿದ್ದ 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮೊದಲಿಗೆ ಯಾರೋ ಬೇಕೆಂದೇ ಬೀಳಿಸಿದ್ದಾರೆ ಎಂಬ ಶಂಕೆ ಎದ್ದಿತು. ಆದರೆ ಸಿಕ್ಕ ಅವಶೇಷಗಳಲ್ಲಿ ಸ್ಫೋಟದ ಗುರುತೇ ಇರಲಿಲ್ಲ.

ತನಿಖೆ ಹೇಳಿದ್ದು ಬೇರೆ. ಬಲಕ್ಕೆ ತಿರುಗಿದ್ದ ವಿಮಾನ ಮತ್ತೆ ಸಮವಾಗಿತ್ತು. ಕ್ಯಾಪ್ಟನ್ ಮುಂದಿದ್ದ, ವಾಲುವಿಕೆ ತೋರಿಸುವ ಉಪಕರಣ ಕೆಟ್ಟು, ‘ಇನ್ನೂ ಬಲಕ್ಕೆ ವಾಲಿದೆ’ ಎಂದೇ ತೋರಿಸುತ್ತಿತ್ತು. ಸರಿಪಡಿಸಲೆಂದು ಅವರು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸಿದರು. ಉಳಿದ ಉಪಕರಣಗಳನ್ನು ನೋಡಿ ತಪ್ಪು ಹಿಡಿಯುವಷ್ಟರಲ್ಲಿ ಸಮಯ ಮೀರಿತ್ತು. ಅವರಿಗಿದ್ದ ಅನುಭವ ಸುಮಾರು 18,000 ಗಂಟೆಗಳ ಹಾರಾಟ!

ಮೈಗೆ ಯಾಕೆ ಗೊತ್ತಾಗಲಿಲ್ಲ?

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿದಾಗ ಈ ದ್ರವದ ಚಲನೆಯಿಂದ ಮೆದುಳಿಗೆ ಸುದ್ದಿ ಹೋಗುತ್ತದೆ. ತೀರಾ ನಿಧಾನವಾಗಿ ವಾಲಿದರೆ ಆ ಸುದ್ದಿ ಹೋಗುವುದೇ ಇಲ್ಲ. ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ‘ತಿರುಗುತ್ತಿಲ್ಲ’ ಅನಿಸುತ್ತದೆ.

ಬೇಕಾದರೆ ಪರೀಕ್ಷಿಸಿ: ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಯಾರಾದರೂ ನಿಧಾನವಾಗಿ ಒಂದು ನಿಮಿಷ ತಿರುಗಿಸಲಿ. ನಿಲ್ಲಿಸಿದ ಕೂಡಲೇ ಉಲ್ಟಾ ತಿರುಗಿದಂತೆ ಅನಿಸುತ್ತದೆ.

ಹಗಲಲ್ಲಿ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ರಾತ್ರಿ ಸಮುದ್ರದ ಮೇಲೆ ಆಕಾಶ, ನೀರು ಎರಡೂ ಕಪ್ಪು, ಕ್ಷಿತಿಜವೇ ಕಾಣದು. ಮಳೆಗಾಲದ ಮಂಜಿನಲ್ಲಿ ಸಂಪಾಜೆ ಘಾಟಿ ಹತ್ತುವಾಗ ನಾವು ರಸ್ತೆಯ ಬಿಳಿ ಗೆರೆ ನಂಬಿಕೊಂಡು ಹೋಗುವುದಿಲ್ಲವೇ? ಪೈಲಟ್‌ಗೆ ಉಪಕರಣಗಳೇ ಆ ಗೆರೆ. ಅದಕ್ಕೇ ಒಂದನ್ನೇ ನಂಬದೆ, ಇನ್ನೊಂದರ ಜೊತೆ ಹೋಲಿಸಿ ನೋಡುವ ತರಬೇತಿ ಕೊಡುತ್ತಾರೆ.

ನಾವು ಹೇಳುವುದಿಷ್ಟು

‘ಅನುಭವ ಇದ್ದರೆ ಮೈಗೇ ಗೊತ್ತಾಗುತ್ತದೆ’ ಎಂಬುದು ತಪ್ಪು. ಇನ್ನು ಅಪಘಾತದ ಕಾರಣ ಬ್ಲ್ಯಾಕ್ ಬಾಕ್ಸ್, ಅವಶೇಷ ಎಲ್ಲ ನೋಡಿದ ಮೇಲೇ ತಿಳಿಯುವುದು. ಅದೇ ದಿನ ಬಂದ ‘ಅಸಲಿ ಕಾರಣ’ದ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆ ಗುಂಪಿನಲ್ಲೇ, ಫೋನ್ ಹಿಡಿದು ಕಾಯುತ್ತಿರುವ ತಾಯಿಯೊಬ್ಬರು ಇರಬಹುದು.