‘ಬಾಲಾಪರಾಧಿ’ ಎಂಬ ಶಬ್ದವೂ ಬಾಲನ್ಯಾಯದ ಕ್ರಮವೂ

ಎಳೆಯರ ತಪ್ಪನ್ನು ವಿಚಾರಿಸುವ ನ್ಯಾಯಕ್ರಮವು ಬೆಳೆದುಬಂದ ಬಗೆಯನ್ನು ಅದು ಅವರಿಗಿಟ್ಟ ಹೆಸರುಗಳಿಂದಲೇ ಬಹುಮಟ್ಟಿಗೆ ಅರಿಯಬಹುದು. ಮದರಾಸು ಪ್ರಾಂತದ 1920ರ ಕಾಯಿದೆಯಲ್ಲಿಯೂ, ಬಹುಕಾಲದ ಮೇಲೆ ಬಂದ ಕೇಂದ್ರದ 1986ರ ಕಾಯಿದೆಯಲ್ಲಿಯೂ ದೋಷಸೂಚಕವಾದ ಹೆಸರೇ ಇದ್ದಿತು. 2000ದ ಕಾಯಿದೆಯು ಅದನ್ನು ಕೈಬಿಟ್ಟು ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ’ ಎಂಬ ವಿಶೇಷಣವನ್ನು ತಂದಿತು. 2015ರ ಕಾಯಿದೆಯು ಅದರ ಮುಂದೆ ‘ಮಗು’ ಎಂಬ ಪದವನ್ನಿರಿಸಿ, ಆಪಾದನೆಯನ್ನು ಧ್ವನಿಸುವ ಮಾತುಗಳನ್ನು ಮಗುವಿನ ವಿಷಯದಲ್ಲಿ ಬಳಸತಕ್ಕದ್ದಲ್ಲವೆಂದು ತನ್ನ 3ನೆಯ ಕಲಮಿನಲ್ಲಿ ವಿಧಿಸಿತು.

ಕನ್ನಡದಲ್ಲಿ ರೂಢವಾಗಿರುವುದು ‘ಬಾಲಾಪರಾಧಿ’. ಈ ಸಮಾಸದಲ್ಲಿ ಉತ್ತರಪದಕ್ಕೇ ಪ್ರಾಧಾನ್ಯವು: ಅಪರಾಧಿತ್ವವು ಸಿದ್ಧವಸ್ತು, ಬಾಲ್ಯವು ಅದಕ್ಕೊಂದು ವಿಶೇಷಣ. ವಿಚಾರಣೆಗೆ ಮೊದಲೇ ತೀರ್ಪು ಶಬ್ದದಲ್ಲಿ ಅಡಗಿರುವುದು. ಹೊಸ ಹೆಸರು ಉದ್ದವಾದುದು, ಕಿವಿಗೂ ಒರಟಾದುದು. ಹುಡುಗನು ಕಾನೂನಿನೊಡನೆ ಕುಸ್ತಿಗೆ ನಿಂತಂತೆ ತೋರುವುದೂ ಉಂಟು. ಆದರೂ ಅದರಲ್ಲಿ ಪ್ರಧಾನಪದವು ಮಗುವೇ.

ಈ ಭೇದವು ವ್ಯಾಕರಣದಲ್ಲಿಯೇ ನಿಲ್ಲುವುದಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಹುಡುಗನೊಬ್ಬನ ಮೇಲೆ ಕಳವಿನ ಆಪಾದನೆ ಬಂದಿತೆನ್ನೋಣ. ಅವನನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಲಾಗದು. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗಾಗಿ ಜಿಲ್ಲೆಯ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುವರು; ಈ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಾಗಿರಬೇಕು. 2016ರ ಮಾದರಿ ನಿಯಮಗಳಂತೆ ಅಲ್ಲಿ ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಪರಿವೀಕ್ಷಣಾಧಿಕಾರಿಯು ಹುಡುಗನ ಮನೆ, ಶಾಲೆ, ಸಹವಾಸಗಳನ್ನು ವಿಚಾರಿಸಿ ವರದಿ ಒಪ್ಪಿಸುವನು. ತಪ್ಪು ಸ್ಥಿರಪಟ್ಟರೂ ಬುದ್ಧಿವಾದ, ಸಮಾಜಸೇವೆ ಮೊದಲಾದ ಮಾರ್ಗಗಳುಂಟು. ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದ ವಾಸ.

ಭಾಷೆಯ ತೊಡಕು ಇನ್ನೊಂದು ಕಡೆಯಿಂದಲೂ ಬರುತ್ತದೆ. ಆಂಧ್ರದ ಗಡಿಗೆ ಹೊಂದಿದ ಈ ಸೀಮೆಯಲ್ಲಿ ತೆಲುಗು ಮನೆಮಾತಾಗಿ, ಕನ್ನಡವು ಶಾಲೆಯ ಮಾತಾಗಿರುವ ಮಕ್ಕಳು ಅನೇಕರು. ಕಾಯಿದೆಯ ಮೂಲಭಾಷೆಯೋ ಇಂಗ್ಲಿಷು. ನಡವಳಿಯ ಭಾಷೆ ತಿಳಿಯದ ಮಗುವಿಗೆ ದುಭಾಷಿಯನ್ನು ಒದಗಿಸಬೇಕೆಂದು 8ನೆಯ ಕಲಮು ಹೇಳುವುದು ಇದಕ್ಕಾಗಿಯೇ. ಅದು ನಡೆಯದಿದ್ದಲ್ಲಿ, ಹೆದರಿದ ಹುಡುಗನು ತಲೆಯಾಡಿಸಿದುದೇ ತಪ್ಪೊಪ್ಪಿಗೆಯೆಂದು ದಾಖಲಾದೀತು.

ಹೆಸರನ್ನು ಮೃದುಗೊಳಿಸಿದ 2015ರ ಕಾಯಿದೆಯೇ ಇನ್ನೊಂದು ಕಡೆ ಬಿಗಿಯಾಯಿತೆಂಬುದನ್ನು ಮರೆಯಲಾಗದು. ಕನಿಷ್ಠ ಏಳು ವರ್ಷಗಳ ಶಿಕ್ಷೆಗೆ ಅರ್ಹವಾದ ಘೋರಾಪರಾಧದಲ್ಲಿ, 16 ತುಂಬಿ 18 ತುಂಬದವನ ಮನಶ್ಶಕ್ತಿಯನ್ನೂ ತಿಳಿವಳಿಕೆಯನ್ನೂ ಮಂಡಳಿಯು ತೂಗಿನೋಡಿ, ಅವನನ್ನು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಹೆಸರು ಮಕ್ಕಳದಾದರೂ ಅಲ್ಲಿ ಅವನನ್ನು ವಯಸ್ಕನಂತೆ ವಿಚಾರಿಸಲು ಅವಕಾಶವುಂಟು. ಆಗಲೂ ಮರಣದಂಡನೆಯನ್ನಾಗಲಿ ಬಿಡುಗಡೆಯ ಆಸೆಯಿಲ್ಲದ ಆಜೀವ ಸೆರೆಯನ್ನಾಗಲಿ ವಿಧಿಸುವಂತಿಲ್ಲ. 21 ತುಂಬುವವರೆಗೆ ಅವನನ್ನು ಜೈಲಿಗೆ ಕಳುಹಿಸುವಂತೆಯೂ ಇಲ್ಲ.