ಗೈಡ್ ಇಲ್ಲದೆ ಕಿತ್ತೂರು ಸುತ್ತಿದ ಒಂದು ದಿನ

‘ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಟ್ಟು ಕೊಂದವರು ಯಾರು?’ ನಮ್ಮ ಭಾಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನು ಕೇಳಿದರೂ ಉತ್ತರ ಬರಲು ಎರಡು ಸೆಕೆಂಡು ಸಾಕು: ಅಮಟೂರು ಬಾಳಪ್ಪ. ಕದನ ನಡೆದ ದಿನ? 1824ರ ಅಕ್ಟೋಬರ್ 23. ಚೆನ್ನಮ್ಮ ಹುಟ್ಟಿದ ಊರು? ಕಾಕತಿ. ರಾಯಣ್ಣನನ್ನು ಗಲ್ಲಿಗೇರಿಸಿದ್ದು? ನಂದಗಡದಲ್ಲಿ, 1831ರ ಜನವರಿ 26. ಒಂದೊಂದು ಉತ್ತರಕ್ಕೆ ಒಂದೊಂದು ಅಂಕ. ನಮ್ಮ ದೊಡ್ಡವ್ವನ ಮಗಳು ನಾಲ್ಕು ವರ್ಷಗಳಿಂದ ಪಿಎಸ್ಐ, ಎಫ್‌ಡಿಎ ಅಂತ ಓದುತ್ತಿದ್ದಾಳೆ. ಅವಳ ನೋಟ್‌ಬುಕ್ಕಿನಲ್ಲಿ ಕಿತ್ತೂರಿಗೆ ಎರಡು ತುಂಬಿದ ಪುಟಗಳಿವೆ. ಆದರೆ ನಮ್ಮ ಬೈಲಹೊಂಗಲದಿಂದ ಬಸ್ ಹತ್ತಿದರೆ ಗಂಟೆಯೊಳಗೆ ಮುಟ್ಟುವ ಕಿತ್ತೂರನ್ನು ಅವಳು ನೋಡಿದ್ದು ಏಳನೇ ತರಗತಿಯ ಶಾಲಾ ಪ್ರವಾಸದಲ್ಲಿ, ಒಂದೇ ಸಲ. ನಾನು ನೋಡಿದ್ದು ಉತ್ಸವದ ರಾತ್ರಿ, ಅದೂ ಆರ್ಕೆಸ್ಟ್ರಾ ಕೇಳಲು.

ಈ ಸಲದ ಸೆಮಿಸ್ಟರ್ ರಜೆಯಲ್ಲಿ ಮೊಬೈಲಿನಲ್ಲಿ ಸ್ಪೇನ್ ದೇಶದ ತೊಲೆದೊ ಎಂಬ ಹಳೆ ಊರಿನ ವಿಡಿಯೊ ನೋಡುತ್ತಿದ್ದೆ. ಪ್ರವಾಸಿಗರು ಗೈಡ್ ಇಲ್ಲದೆ, ಕೈಯಲ್ಲೊಂದು ನಕ್ಷೆ ಹಿಡಿದು ಕೋಟೆ ಬಾಗಿಲಿನಿಂದ ಶುರು ಮಾಡಿ ಓಣಿ ಓಣಿ ಸುತ್ತುತ್ತಾರೆ. 1986ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಿತ್ತೂರು ಯಾವ ಪಟ್ಟಿಯಲ್ಲೂ ಇಲ್ಲ, ಸರಿ. ಆದರೆ ನಕ್ಷೆ ನಾವೇ ಬರೆದುಕೊಳ್ಳಬಹುದಲ್ಲ? ಅಕ್ಕನಿಗೆ ಹೇಳಿದೆ. ‘ಪರೀಕ್ಷೆಗೆ ಇನ್ನ ನಲವತ್ತ ದಿನಾ ಉಳದಾವೋ ತಮ್ಮಾ’ ಎಂದಳು. ಇದೂ ಸಿಲೆಬಸ್ಸಿನಲ್ಲೇ ಇದೆ ಎಂದ ಮೇಲೆ ಹೊರಟಳು. ಈ ವರ್ಷ ಆಗದಿದ್ದರೆ ಮದುವೆ ಎಂದು ಮನೆಯಲ್ಲಿ ಮಾತಾಗಿದೆ. ಹೀಗಾಗಿ ಒಂದು ದಿನ ಎನ್ನುವುದು ಅವಳಿಗೆ ಸಣ್ಣ ಲೆಕ್ಕವಲ್ಲ.

ನಡಿಗೆಯನ್ನು ಕುದುರೆ ಏರಿದ ಚೆನ್ನಮ್ಮನ ಪ್ರತಿಮೆಯ ಹತ್ತಿರ ಶುರು ಮಾಡುವುದು ಒಳ್ಳೆಯದು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರು ಧಾರವಾಡ ದಾಟಿ ಸುಮಾರು 30 ಕಿಲೋಮೀಟರಿಗೆ ಇಲ್ಲಿ ಇಳಿಯಬಹುದು. ಪೇಟೆ ಹಾದು ಕೋಟೆಗೆ ಹೋಗುವ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಏಕೆಂದರೆ ಒಳಗೆ ಅರಮನೆಗೆ ಮೇಲ್ಛಾವಣಿಯೇ ಇಲ್ಲ.

ಕೋಟೆ ಕಟ್ಟಿಸಿದ್ದು 17ನೇ ಶತಮಾನದಲ್ಲಿ, ಅಲ್ಲಪ್ಪಗೌಡ ದೇಸಾಯಿಯ ಕಾಲದಲ್ಲಿ ಎನ್ನುತ್ತದೆ ಇತಿಹಾಸ. ಈಗ ಉಳಿದಿರುವುದು ದಪ್ಪ ಗೋಡೆಗಳು, ಮಾಡುಗಳು, ಕಂಬ ನಿಂತಿದ್ದ ಜಾಗಗಳು. ಮೊದಲ ಹತ್ತು ನಿಮಿಷ ಅಕ್ಕನಿಗೂ ನಿರಾಸೆಯಾಯಿತು. ‘ಇಷ್ಟ ಐತಿ ಏನೋ?’ ಎಂದಳು. ನಾನು ಓದುವುದು ಸಿವಿಲ್. ಗೋಡೆ ಅರ್ಧ ಬಿದ್ದಿದ್ದರೇ ಅದರ ಹೊಟ್ಟೆಯೊಳಗೆ ಏನಿದೆ ಎಂದು ಕಾಣುತ್ತದೆ. ಪೂರ್ತಿ ಇದ್ದ ಅರಮನೆಯಲ್ಲಿ ನಮಗೆ ಬಣ್ಣ ಮಾತ್ರ ಕಾಣುತ್ತಿತ್ತು.

ಇಲ್ಲಿ ನಿಂತು ನೋಡಬೇಕಾದದ್ದು ಸ್ನಾನದ ಕೋಣೆಗಳು. ಕಟ್ಟಿದ ತೊಟ್ಟಿಗಳು, ನೀರು ಹಾಯಿಸಿದ ಕೊಳವೆಗಳ ಗುರುತು, ಹತ್ತಿರವೇ ಬಾವಿ. ಬಾವಿಯಿಂದ ನೀರನ್ನು ಎತ್ತರದ ಒಂದು ಕಡೆ ಸುರಿದರೆ ಉಳಿದ ಕೆಲಸವನ್ನು ಇಳಿಜಾರೇ ಮಾಡುತ್ತದೆ. ಮೋಟರ್ ಇಲ್ಲ, ಕರೆಂಟ್ ಇಲ್ಲ. ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬರುವ ಲೆಕ್ಕವೇ ಇದು. ಅವರು ಸೂತ್ರ ಬರೆಯದೆ ಕಟ್ಟಿದ್ದಾರೆ.

ಇನ್ನೊಂದು, ಧ್ರುವ ನಕ್ಷತ್ರ ನೋಡುವ ಕಿಂಡಿ. ಗೋಡೆಯಲ್ಲಿ ಒಂದು ನಳಿಗೆ. ಅದರಲ್ಲಿ ಕಣ್ಣಿಟ್ಟರೆ ಧ್ರುವ ನಕ್ಷತ್ರ ಕಾಣುತ್ತಿತ್ತು ಎಂದು ಎಲ್ಲರೂ ತೋರಿಸುತ್ತಾರೆ. ಶಾಲೆಯ ಪ್ರವಾಸದಲ್ಲಿ ಅಕ್ಕನೂ ಕಣ್ಣಿಟ್ಟಿದ್ದಳಂತೆ, ಹಗಲಿನಲ್ಲಿ! ಇದರ ಹಿಂದಿನ ಲೆಕ್ಕ ಸರಳ ಮತ್ತು ಚಂದ. ಉತ್ತರ ಗೋಳಾರ್ಧದ ಯಾವ ಊರಿನಲ್ಲಿ ನಿಂತರೂ ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆಯೋ ಅದೇ, ಹೆಚ್ಚು ಕಡಿಮೆ, ಆ ಊರಿನ ಅಕ್ಷಾಂಶ. ಕಿತ್ತೂರಿನದು ಸುಮಾರು 15.6 ಡಿಗ್ರಿ. ಅಂದರೆ ನಳಿಗೆ ತುಸುವೇ ಮೇಲಕ್ಕೆ ಬಾಗಿದ್ದರೆ ಸಾಕು. ತೊಲೆದೊದ ಅರಮನೆಯಲ್ಲಿ ಇಂಥದ್ದು ಮಾಡಬೇಕೆಂದರೆ 40 ಡಿಗ್ರಿ ಎತ್ತಬೇಕಾಗುತ್ತಿತ್ತು. ಇನ್ನೂ ಒಂದು ಮಾತಿದೆ: ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲುವುದರಿಂದ, ಸುಮಾರು ಮುನ್ನೂರು ವರ್ಷದ ಹಿಂದೆ ಈ ನಕ್ಷತ್ರ ನಿಜವಾದ ಉತ್ತರ ಧ್ರುವಬಿಂದುವಿನಿಂದ ಎರಡು ಡಿಗ್ರಿಗೂ ಹೆಚ್ಚು ದೂರವಿತ್ತು, ಈಗ ಒಂದು ಡಿಗ್ರಿಯೂ ಇಲ್ಲ. ಹೀಗಾಗಿ ಆಗ ಕಿಂಡಿ ಸ್ವಲ್ಪ ಅಗಲವೇ ಬೇಕಿತ್ತು. ಹೋದವರು ಫೋನಿನ ಕೋನ ಅಳೆಯುವ ಆ್ಯಪ್ ಇಟ್ಟು ನೋಡಿ, ಸೆಲ್ಫಿಗಿಂತ ಖುಷಿ ಕೊಡುತ್ತದೆ.

ಕೋಟೆ ಆವರಣದಲ್ಲೇ ವಸ್ತುಸಂಗ್ರಹಾಲಯವಿದೆ. ಆಯುಧಗಳು, ವೀರಗಲ್ಲುಗಳು, ಶಾಸನಗಳು. ಹುಡುಗರು ಕತ್ತಿಯ ಮುಂದೆ ಗುಂಪಾಗುತ್ತಾರೆ, ಶಾಸನದ ಮುಂದೆ ಯಾರೂ ಇರುವುದಿಲ್ಲ. ನನಗೆ ಅಲ್ಲಿ ನೆನಪಾದದ್ದು ವಾಲ್ಟರ್ ಎಲಿಯಟ್. ಪರೀಕ್ಷೆಯಲ್ಲಿ ಇವನ ಹೆಸರು ‘ಕಿತ್ತೂರಿನಲ್ಲಿ ಸೆರೆಸಿಕ್ಕ ಇಬ್ಬರು ಅಧಿಕಾರಿಗಳು: ಎಲಿಯಟ್ ಮತ್ತು ಸ್ಟೀವನ್‌ಸನ್’ ಎಂದು ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಎಲಿಯಟ್ ಹುಟ್ಟಿದ್ದು 1803ರ ಜನವರಿಯಲ್ಲಿ. ಕದನದ ದಿನ ಅವನಿಗೆ 21 ವರ್ಷ, ನನಗಿಂತ ಒಂದೇ ವರ್ಷ ದೊಡ್ಡವ. ಮೇಲಧಿಕಾರಿ ಕಣ್ಣೆದುರು ಸತ್ತಿದ್ದಾನೆ, ತಾನು ಶತ್ರುಗಳ ಕೈಯಲ್ಲಿ ಒತ್ತೆಯಾಳು. ಕಿತ್ತೂರಿನವರು ಅವನ ಕೂದಲೂ ಕೊಂಕಿಸದೆ ಬಿಟ್ಟುಕೊಟ್ಟರು. ಮುಂದೆ ಇದೇ ಎಲಿಯಟ್ ಕನ್ನಡ ನಾಡಿನ ಸುಮಾರು 600 ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಚಾಲುಕ್ಯರ ಇತಿಹಾಸ ಬರೆದವರಿಗೆಲ್ಲ ಆ ಸಂಗ್ರಹ ಮೊದಲ ಮೆಟ್ಟಿಲಾಯಿತು. ಅಂದು ಕೋಪದಲ್ಲಿ ಯಾರಾದರೂ ಅವನನ್ನು ಮುಗಿಸಿದ್ದರೆ ಆ ಕೆಲಸ ಯಾರು, ಯಾವಾಗ ಮಾಡುತ್ತಿದ್ದರೋ. ಇದನ್ನು ಕೇಳಿ ಅಕ್ಕ ನೋಟ್‌ಬುಕ್ ತೆಗೆದು ಬರೆದುಕೊಂಡಳು. ‘ಇದ ಪೇಪರಿನ್ಯಾಗ ಬರೂದಿಲ್ಲ, ಆದ್ರೂ ಇರಲಿ’ ಎಂದಳು.

ಪರೀಕ್ಷೆಯ ಪ್ರಶ್ನೆಗಳು ಸಾಮಾನ್ಯವಾಗಿ ಅಕ್ಟೋಬರ್ 23ಕ್ಕೆ ನಿಲ್ಲುತ್ತವೆ, ಉತ್ಸವವೂ ಗೆದ್ದ ದಿನದ್ದೇ. ಸೋತದ್ದು ಆರು ವಾರಗಳ ನಂತರ. ಕಂಪನಿ ದೊಡ್ಡ ಸೈನ್ಯ ತಂದಿತು. ಆ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೊ ಕೂಡ ಸತ್ತ. ಆದರೂ ಡಿಸೆಂಬರ್ ಮೊದಲ ವಾರ ಕೋಟೆ ಕೈತಪ್ಪಿತು. ಇಷ್ಟಕ್ಕೂ ಎಲ್ಲ ಶುರುವಾದದ್ದು ಒಂದು ಕಾಗದದಿಂದ. ಮಲ್ಲಸರ್ಜ ದೇಸಾಯಿ ತೀರಿಕೊಂಡದ್ದು 1816ರಲ್ಲಿ, ಅವರ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ. ಸಾಯುವ ಮುಂಚೆ ಮಾಡಿಕೊಂಡ ದತ್ತು ಸಿಂಧುವಲ್ಲ ಎಂದ ಥ್ಯಾಕರೆ. ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಗೆ ಎರಡು ದಶಕ ಮುಂಚಿನ ಮಾತಿದು. ‘ಅರ್ಜಿ ರಿಜೆಕ್ಟ್ ಆದದ್ದಕ್ಕ ಶುರುವಾದ ಜಗಳ ಅನ್ನು’ ಎಂದಳು ಅಕ್ಕ. ಆ ಮಾತನ್ನು ನಗುತ್ತಲೇ ಹೇಳಿದಳು, ನಾನು ನಗಲಿಲ್ಲ.

ಅರಮನೆಯ ಪ್ರತಿರೂಪ ಕಟ್ಟುವ ಯೋಜನೆ ಕೆಲವು ವರ್ಷಗಳ ಹಿಂದೆ ಬಂದಾಗ, ಎಲ್ಲಿ ಕಟ್ಟಬೇಕು ಎಂಬುದರ ಮೇಲೆ ಹೋರಾಟವಾಗಿತ್ತು. ಎಲ್ಲಿ ಬೇಕಾದರೂ ಕಟ್ಟಲಿ, ಆದರೆ ಹಳೆ ಗೋಡೆಗಳ ಖರ್ಚು ಮೊದಲು ನೋಡಲಿ ಎನ್ನುವುದು ನನ್ನ ಅಭಿಪ್ರಾಯ. ಗಾರೆಯ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದಕ್ಕೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಉಪ್ಪು ಸೇರಿ, ಅಕ್ಕಪಕ್ಕದ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣ ಅರೆದು ಗಾರೆ ಮಾಡುವುದು ಗೊತ್ತಿದ್ದ ಅಜ್ಜಂದಿರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ನಾಲ್ಕು ವರ್ಷದ ಬಿಇಯಲ್ಲಿ ನಮಗೆ ಕಾಂಕ್ರೀಟ್ ಕಲಿಸಿದಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಸುಣ್ಣದ ಬಗ್ಗೆ ಕಲಿಸಿದರೂ ಸಾಕು, ಕೆಲಸವಿಲ್ಲದ ಸಿವಿಲ್ ಹುಡುಗರಿಗೆ ಒಂದು ಹೊಸ ದಾರಿಯಾದರೂ ಸಿಗುತ್ತದೆ.

ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿ ಉಂಡು, ದೇಗಾವಿಗೆ ನಡೆದೆವು. ಐದಾರು ಕಿಲೋಮೀಟರ್. ಬಿಸಿಲಿಗೆ ಹೆದರುವವರು ಆಟೊ ಹಿಡಿಯಬಹುದು. ದಾರಿಯಲ್ಲಿ ಎತ್ತು ಹೊಡೆದುಕೊಂಡು ಹೊರಟಿದ್ದ ಅಜ್ಜ ಒಬ್ಬರು, ‘ಯಾವೂರವ್ವಾ ನಿಮ್ದು? ಬಸ್ ತಪ್ಪಿತೇನ?’ ಎಂದು ಕೇಳಿದರು. ಗುಡಿ ನೋಡಲು ಬೇಕಂತಲೇ ನಡೆದು ಹೊರಟಿದ್ದೇವೆ ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ‘ಹಂಗಾದ್ರ ಹಿಂದ್ಕ ಬರೂ ಮುಂದ ಮನಿಗೆ ಬಂದ ನೀರ ಕುಡದ ಹೋಗ್ರಿ’ ಎಂದರು.

ದೇಗಾವಿಯ ಕಮಲನಾರಾಯಣ ಗುಡಿ 12ನೇ ಶತಮಾನದ್ದು. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಸಾಲಾಗಿ ಮೂರು ಗರ್ಭಗುಡಿ, ಒಳಗೆ ತಲೆ ಎತ್ತಿದರೆ ಕಮಲಗಳನ್ನು ಕೆತ್ತಿದ ಛತ್ತು. ಕಟ್ಟಿದ ಶಿಲ್ಪಿಯ ಹೆಸರೂ ಉಳಿದಿದೆ: ತಿಪ್ಪೋಜ. ನಮ್ಮೂರ ಕಡೆ ಹೋದ ವರ್ಷ ಕಟ್ಟಿದ ಸೇತುವೆಯ ಎಂಜಿನಿಯರ್ ಯಾರು ಎಂದು ಕೇಳಿ, ಯಾರಿಗೂ ಗೊತ್ತಿಲ್ಲ. ಕಲ್ಲಿನ ಮೇಲೆ ಇರುವುದು ಉದ್ಘಾಟಿಸಿದವರ ಹೆಸರು. ಕಿತ್ತೂರಿಗೆ ಬಂದ ನೂರರಲ್ಲಿ ತೊಂಬತ್ತು ಜನ ಇಲ್ಲಿಗೆ ಬರುವುದಿಲ್ಲ ಅನಿಸುತ್ತದೆ. ನಾವಿದ್ದ ಒಂದು ಗಂಟೆ ಬೇರೆ ಯಾರೂ ಬರಲಿಲ್ಲ.

ಸಂಜೆ ಬೈಲಹೊಂಗಲದಲ್ಲಿ ಬಸ್ ಇಳಿದು ಮನೆಗೆ ಹೋಗುವ ಮುಂಚೆ ಚೆನ್ನಮ್ಮನ ಸಮಾಧಿಗೆ ಹೋದೆವು. ಊರಿನವರಾದ ನಮಗೆ ಅದು ವಾಕಿಂಗ್ ಜಾಗ, ಹುಡುಗರು ಆಡುವ ಉದ್ಯಾನ. ಕೋಟೆ ಬಿದ್ದ ಮೇಲೆ ಅವರನ್ನು ಸೆರೆಯಿಟ್ಟದ್ದು ಇದೇ ಊರಿನಲ್ಲಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ತಾರೀಖು ಕೆಲವು ಪುಸ್ತಕಗಳಲ್ಲಿ 2, ಕೆಲವದರಲ್ಲಿ 21. ಅಕ್ಕನಿಗೆ ದಿನವಿಡೀ ಕೇಳಿದ ಪ್ರಶ್ನೆಗಳಲ್ಲಿ ಇದೊಂದೇ ತಲೆಕೆಡಿಸಿತು. ಕೀ ಉತ್ತರದಲ್ಲಿ ಯಾವುದು ಕೊಡುತ್ತಾರೆ ಎಂದು. ಆಮೇಲೆ ಅವಳೇ, ನಾಲ್ಕು ವರ್ಷ ಕೂತ ಜಾಗದಿಂದ ಹೊರಗೆ ಏನು ಕಾಣುತ್ತಿತ್ತೋ ಎಂದಳು. ಅದಕ್ಕೆ ನಮ್ಮಿಬ್ಬರ ಹತ್ತಿರ ಉತ್ತರ ಇರಲಿಲ್ಲ.

ಇಡೀ ದಿನಕ್ಕೆ ಬಸ್ ಟಿಕೆಟ್, ಎರಡು ಸಲ ಚಹಾ, ಒಂದು ಪ್ಲೇಟ್ ಮಿರ್ಚಿ ಬಿಟ್ಟರೆ ಖರ್ಚಿಲ್ಲ. ಅಕ್ಕನಂತೂ ಬಸ್ ಟಿಕೆಟ್ಟನ್ನೂ ಕೊಳ್ಳಲಿಲ್ಲ, ಶಕ್ತಿ ಯೋಜನೆ! ಬೇಕಾದದ್ದು ನೀರು, ಟೊಪ್ಪಿಗೆ, ಹೋಗುವ ಮುಂಚೆ ಎರಡು ತಾಸಿನ ಓದು. ಅವಳ ಪರೀಕ್ಷೆ ಮುಗಿದ ಮರುದಿನ ಸವದತ್ತಿಗೆ ಹೋಗುವುದೆಂದು ಮಾತಾಗಿದೆ. ರಟ್ಟರ ರಾಜಧಾನಿಯಾಗಿದ್ದ ಊರದು. ಕೋಟೆ ನೋಡಿ, ಅಲ್ಲಿಂದ ಹೂಲಿಯ ಪಂಚಲಿಂಗೇಶ್ವರ ಗುಡಿಗೆ. ರಾಮದುರ್ಗದ ಗೆಳೆಯನೊಬ್ಬ ತಮ್ಮೂರನ್ನು ಬಿಟ್ಟಿರೆಂದು ಈಗಾಗಲೇ ಮುನಿಸಿಕೊಂಡಿದ್ದಾನೆ. ಅವನ ಪಾಳಿ ಆಮೇಲೆ. ನಕ್ಷೆ ಅವನೇ ಬರೆಯಲಿ.